ಊಟದ ಟೇಬಲ್ಲಿನ ಎಂಜಿನ್

ಟಿಟ್ವಾಳಾ
೯ ಜೂನ್ ೨೦೨೫

ಶೈಲಶ್ರೀಗೆ,

ಲಕೋಟೆ ನೋಡಿ ಗಾಬರಿಯಾಗಬೇಡ. ನಿನ್ನ ಅವ್ವ ಆರಾಮ ಇದ್ದಾಳೆ. ನಾನೂ ಇದ್ದೇನೆ. ಎರಡು ವರ್ಷದ ಹಿಂದೆ ‘ಇನ್ನ ನಿನ್ನ ಜೋಡಿ ಮಾತಾಡೂದಿಲ್ಲ’ ಎಂದು ನಾನು ಹೇಳಿದ ಮಾತು ಹಾಗೆಯೇ ಇದೆ, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಬರೆಯುವುದಿಲ್ಲ ಎಂದು ಹೇಳಿದ ನೆನಪಿಲ್ಲ. ನಿನ್ನ ಅವ್ವನನ್ನೂ ಕೇಳಿದೆ, ಅವಳಿಗೂ ನೆನಪಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ವಿಷಯ ಹೀಗಿದೆ. ನಮ್ಮ ಸೊಸೈಟಿಯ ಲಕ್ಷ್ಮೀಕಾಂತ ಅವರಿಗೆ ಒಂದು ಕಂಪ್ಯೂಟರ್ ಬೇಕಾಗಿದೆ. ಆಟ ಆಡುವಂಥದ್ದು. ಅಂಗಡಿಯಲ್ಲಿ ಜೋಡಿಸಿಟ್ಟದ್ದು ಬೇಡವಂತೆ, ಒಂದೊಂದೇ ಭಾಗ ಆರಿಸಿ ತಂದು ಮನೆಯಲ್ಲೇ ಜೋಡಿಸಬೇಕಂತೆ. ಎಂಜಿನ್ನಿನ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯದವನು ಅದರ ಮೇಲೆ ಹತ್ತಬಾರದು ಎಂದು ಅವರು ಹೇಳುತ್ತಾರೆ. ಈ ಮಾತು ನನಗೂ ಸರಿ ಎನಿಸಿತು.

ಆಟ ರೈಲು ಓಡಿಸುವುದು. ಕಲ್ಯಾಣದಿಂದ ಇಗತಪುರಿಯವರೆಗಿನ ದಾರಿಯನ್ನು ಯಾರೋ ಪುಣ್ಯಾತ್ಮರು ಕಂಬಕ್ಕೆ ಕಂಬ, ಸಿಗ್ನಲ್ಲಿಗೆ ಸಿಗ್ನಲ್ ಹಾಗೇ ತಯಾರಿಸಿ ಇಟ್ಟಿದ್ದಾರೆ. ಭೀಮು ಬಂದಾಗ ಫೋನಿನಲ್ಲಿ ತೋರಿಸಿದ. ನನ್ನ ಕೊನೆಯ ಅಸಿಸ್ಟೆಂಟ್ ಭೀಮು, ನಿನಗೆ ಗೊತ್ತಲ್ಲ. ಈಗ ಅವನೇ ಗಾಡಿ ಓಡಿಸುತ್ತಾನೆ.

ತೀರಾ ದುಬಾರಿಯದು ಬೇಡ, ಕಳಪೆಯೂ ಬೇಡ, ನಡುವಿನದು ಸಾಕು. ಸ್ಕ್ರೀನ್ ಸೇರಿ ಎಂಬತ್ತು ಸಾವಿರದೊಳಗೆ ಆಗಬೇಕು. ಆಫೀಸಿನ ಇನ್ನೂರು ಕಂಪ್ಯೂಟರ್ ನೀನೇ ನೋಡಿಕೊಳ್ಳುತ್ತಿ ಎಂದು ನಿನ್ನ ಅವ್ವ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ, ಅದಕ್ಕೆ ನಿನ್ನನ್ನು ಕೇಳಿದ್ದು. ಉತ್ತರ ಪೋಸ್ಟಿನಲ್ಲಿ ಕಳಿಸು. ಅವಳ ಕೈಯಲ್ಲಿ ಫೋನಿನಲ್ಲಿ ಹೇಳಿಸಬೇಡ. ಅವಳು ಅರ್ಧ ಮರೆಯುತ್ತಾಳೆ, ಉಳಿದರ್ಧಕ್ಕೆ ತನ್ನದು ಸೇರಿಸುತ್ತಾಳೆ.

ಬಾ. ಶಿ. ಹೊಸಮನಿ
ಲೋಕೋ ಪೈಲಟ್ (ನಿವೃತ್ತ), ಕಲ್ಯಾಣ


ಸೀವುಡ್ಸ್
೧೬ ಜೂನ್ ೨೦೨೫

ಅಪ್ಪಾ, ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿ ಗೇಟಿನಲ್ಲೇ ನಿಂತು ಒಡೆದು ಓದಿದೆ. ವಾಚ್‌ಮನ್ ‘ಸಬ್ ಠೀಕ್ ಹೈ ನಾ ದೀದಿ?’ ಎಂದು ಎರಡು ಸಲ ಕೇಳಿದ.

ನಿಮಗೆ ಡ್ಯೂಟಿ ಇದ್ದಾಗೆಲ್ಲ ಸಕ್ಕರೆ ಡಬ್ಬಿಯ ಕೆಳಗೆ ನನಗೊಂದು ಚೀಟಿ ಇಟ್ಟು ಹೋಗುತ್ತಿದ್ದಿರಿ. ನಾನು ಅದರ ಹಿಂಬದಿಗೆ ಉತ್ತರ ಬರೆದು ಸ್ಕೂಲಿಗೆ ಹೋಗುತ್ತಿದ್ದೆ. ಸ್ಕೂಲಿನಲ್ಲಿ ಮರಾಠಿ, ಇಂಗ್ಲಿಷು. ನನ್ನ ಕನ್ನಡವೆಲ್ಲ ಆ ಡಬ್ಬಿಯ ಕೆಳಗಿನದು. ತಪ್ಪಿದ್ದರೆ ಮೊದಲಿನಂತೆ ಕೆಂಪು ಗೆರೆ ಎಳೆಯಿರಿ.

ಲಕ್ಷ್ಮೀಕಾಂತ ಕಾಕಾ ಹೋದ ವರ್ಷವೇ ಫ್ಲ್ಯಾಟ್ ಮಾರಿ ನಾಸಿಕಕ್ಕೆ ಹೋದರು, ಅದು ನನಗೆ ಗೊತ್ತು. ‘ನಿಮ್ಮಪ್ಪ ಊಟದ ಟೇಬಲ್ ಖಾಲಿ ಮಾಡಿಸ್ಯಾರ, ಇಬ್ರೂ ನೆಲದ ಮ್ಯಾಲೆ ಕುಂತು ಉಣ್ಣಾಕತ್ತೀವಿ’ ಎಂದು ಅವ್ವ ಮೊನ್ನೆ ಫೋನಿನಲ್ಲಿ ಹೇಳಿದಳು. ಆದರೂ ಇರಲಿ, ಕಂಪ್ಯೂಟರ್ ಕಾಕಾನದೇ ಎಂದು ಇಟ್ಟುಕೊಳ್ಳೋಣ.

ಅವರಿಗೆ ಹೇಳಿ: ಆಟಕ್ಕೆ ಎಲ್ಲಕ್ಕಿಂತ ಮುಖ್ಯ ಗ್ರಾಫಿಕ್ಸ್ ಕಾರ್ಡ್. ಹಳಿ, ಕಂಬ, ಗುಡ್ಡ, ಮಳೆ, ಸ್ಕ್ರೀನಿನಲ್ಲಿ ಕಾಣುವುದನ್ನೆಲ್ಲ ಬಿಡಿಸುವುದು ಅದು. ಎಂಟು ಜಿಬಿಯದು ಸಾಕು, ಆದರೆ ಹಣ ಹೆಚ್ಚು ಹೋಗಬೇಕಾದದ್ದು ಅಲ್ಲಿಗೆ. ಪ್ರೊಸೆಸರ್ ಆರು ಕೋರಿನದು ತೆಗೆದುಕೊಳ್ಳಲಿ. ತನ್ನಷ್ಟಕ್ಕೆ ಸ್ವಲ್ಪ ಚಿತ್ರ ತೋರಿಸಬಲ್ಲದ್ದನ್ನೇ ಆರಿಸಲಿ, ನಾಳೆ ಕಾರ್ಡ್ ಕೆಟ್ಟರೂ ಸ್ಕ್ರೀನ್ ಕತ್ತಲಾಗಬಾರದು. ರ‍್ಯಾಮ್ ಹದಿನಾರು ಜಿಬಿ ಬೇಕು, ಒಂದೇ ಪಟ್ಟಿ ಬೇಡ, ಎಂಟೆಂಟರ ಜೋಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಪವರ್ ಸಪ್ಲೈಯನ್ನು ಅಂಗಡಿಯಲ್ಲೇ ಬಿಟ್ಟು ಬರಲಿ. ಎಲ್ಲರೂ ದುಡ್ಡು ಉಳಿಸುವುದು ಅಲ್ಲೇ, ಆಮೇಲೆ ಎಲ್ಲವನ್ನೂ ಸುಟ್ಟುಕೊಳ್ಳುವುದೂ ಅಲ್ಲೇ.

ಒಂದು ಪ್ರಶ್ನೆ. ಕಾಕಾನ ಕಣ್ಣು ಈಗ ಹೇಗಿದೆ? ಎಷ್ಟು ದೊಡ್ಡ ಸ್ಕ್ರೀನ್ ಬೇಕು ಎಂದು ತಿಳಿಯಲು ಕೇಳಿದೆ.

ಶೈಲಾ


ಟಿಟ್ವಾಳಾ
೨೪ ಜೂನ್ ೨೦೨೫

ಶೈಲಶ್ರೀಗೆ,

ಲಕ್ಷ್ಮೀಕಾಂತ ಅವರ ಕಣ್ಣು ಚೆನ್ನಾಗಿದೆ.

ಪವರ್ ಸಪ್ಲೈ ವಿಷಯ ಒಪ್ಪಿದೆ. ಮೇಲಿನ ತಂತಿಯಲ್ಲಿ ಕರೆಂಟ್ ಸರಿ ಇಲ್ಲದಿದ್ದರೆ ಎಂಜಿನ್ ಎಷ್ಟು ದೊಡ್ಡದಾದರೂ ಘಾಟಿಯಲ್ಲಿ ನಿಂತುಬಿಡುತ್ತದೆ. ಆರುನೂರೈವತ್ತು ವ್ಯಾಟಿನದು ನೋಡಿಟ್ಟಿದ್ದೇನೆ. ರ‍್ಯಾಮ್ ಜೋಡಿಯಾಗಿ ಯಾಕೆ ಬೇಕು ಎಂಬುದು ಮೊದಲು ತಿಳಿಯಲಿಲ್ಲ. ಆಮೇಲೆ ಜೋಡಿ ಮಾರ್ಗ ಇದ್ದರೆ ಎದುರಿನ ಗಾಡಿಗೆ ಕಾಯಬೇಕಿಲ್ಲ ಎಂದುಕೊಂಡೆ, ಸರಿಹೋಯಿತು.

ಭಾನುವಾರ ಠಾಣೆಗೆ ಹೋಗಿ ನೌಪಾಡಾದಲ್ಲಿ ಒಂದು ಅಂಗಡಿ ನೋಡಿಬಂದೆ. ಮಾಲೀಕನ ಹೆಸರು ಯತಿನ್. ನಿನ್ನದೇ ವಯಸ್ಸು, ಬಾಯಿ ತುಂಬಾ ಜೋರು. ‘ಕಾಕಾ, ನಾತವಾಸಾಠಿ ಕಾ?’ ಎಂದ, ಮೊಮ್ಮಗನಿಗಾ ಎಂದು. ‘ಡ್ರೈವರಸಾಠಿ’ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಅವನ ಹತ್ತಿರ ಇರುವ ಕ್ಯಾಬಿನೆಟ್ಟುಗಳನ್ನು ನೋಡಿ ನನಗೆ ತಲೆ ಕೆಟ್ಟಿತು. ಫ್ಯಾನಿಗೆ ದೀಪ, ರ‍್ಯಾಮಿಗೆ ದೀಪ, ಕಾರ್ಡಿಗೂ ದೀಪ! ಒಂದು ಗಳಿಗೆ ಕೆಂಪು, ಮರುಗಳಿಗೆ ಹಸಿರು, ಆಮೇಲೆ ಹಳದಿ. ‘ಗೇಮಿಂಗ್ ಹೈ ಕಾಕಾ, ಲೈಟ್ ತೋ ಚಾಹಿಯೇ’ ಅನ್ನುತ್ತಾನೆ. ಮೂವತ್ತನಾಲ್ಕು ವರ್ಷ ನಾನು ಕೆಂಪು ಕಂಡಲ್ಲಿ ನಿಂತಿದ್ದೇನೆ, ಹಸಿರು ಕಂಡಲ್ಲಿ ಹೊರಟಿದ್ದೇನೆ. ಡ್ರೈವರನ ಕಣ್ಣೆದುರಿಗೆ ಅರ್ಥವಿಲ್ಲದೆ ಮಿನುಗುವ ದೀಪ ಇಡುವುದು ತಪ್ಪು ಎಂದು ಅವನಿಗೆ ತಿಳಿಸಿ ಹೇಳಿದೆ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕೇಳುತ್ತಾ ನಿಂತರು. ದೀಪವಿಲ್ಲದ ಮಾಲು ಸಿಗುತ್ತದೆಯೇ, ತಿಳಿಸು.

ನಿನ್ನ ಪತ್ರದಲ್ಲಿ ಮೂರು ತಪ್ಪು ಇದ್ದವು. ಗೆರೆ ಎಳೆದು ಇಟ್ಟುಕೊಂಡಿದ್ದೇನೆ.

ಬಾ. ಶಿ. ಹೊಸಮನಿ


ಸೀವುಡ್ಸ್
೩ ಜುಲೈ ೨೦೨೫

ಅಪ್ಪಾ, ನಮಸ್ಕಾರ.

ಗಾಜಿನ ಕ್ಯಾಬಿನೆಟ್ ಬೇಡ, ಸುತ್ತ ತಗಡು ಇರುವ ಕರಿಯದನ್ನು ಕೇಳಿ. ಒಳಗೆ ಯಾವ ದೀಪ ಉರಿದರೂ ಹೊರಗೆ ಕಾಣುವುದಿಲ್ಲ. ಕೊಳ್ಳುವ ಮುಂಚೆ ಗ್ರಾಫಿಕ್ಸ್ ಕಾರ್ಡಿನ ಉದ್ದ ಟೇಪಿನಲ್ಲಿ ಅಳೆಯಿರಿ, ಕ್ಯಾಬಿನೆಟ್ಟಿನ ಒಳಗನ್ನೂ ಅಳೆಯಿರಿ. ನನ್ನ ಆಫೀಸಿನಲ್ಲಿ ಒಬ್ಬ ಅಳೆಯದೆ ತಂದು, ಕ್ಯಾಬಿನೆಟ್ಟಿಗೇ ಗರಗಸ ಹಾಕಿದ. ಸ್ಕ್ರೀನ್ ಇಪ್ಪತ್ತೇಳು ಇಂಚಿನದು ಇರಲಿ, ಕಾಕಾನ ಕಣ್ಣು ಎಷ್ಟೇ ಚೆನ್ನಾಗಿದ್ದರೂ.

ಜೋಡಿಸುವ ಕ್ರಮ: ಮೊದಲು ಮದರ್‌ಬೋರ್ಡನ್ನು ಅದರ ಡಬ್ಬದ ಮೇಲೇ ಇಟ್ಟು ಪ್ರೊಸೆಸರ್ ಕೂರಿಸಿ. ಮೂಲೆಯಲ್ಲಿ ಸಣ್ಣ ತ್ರಿಕೋನ ಇರುತ್ತದೆ, ಅದು ಅದಕ್ಕೆ ಕೂಡಬೇಕು, ಒತ್ತಬೇಡಿ. ಆಮೇಲೆ ಫ್ಯಾನ್, ರ‍್ಯಾಮ್. ನಂತರ ಬೋರ್ಡನ್ನು ಕ್ಯಾಬಿನೆಟ್ಟಿನೊಳಗೆ ಸ್ಕ್ರೂ ಮಾಡಿ. ಪವರ್ ಸಪ್ಲೈ ಆಮೇಲೆ, ಕಾರ್ಡ್ ಕೊನೆಗೆ. ಎಲ್ಲ ಆದ ಮೇಲೆ ಸ್ಕ್ರೀನಿನ ಕೇಬಲ್ ಹಿಂದೆ ಸಿಕ್ಕಿಸಿ ಬಟನ್ ಒತ್ತಿ.

ಈ ಎರಡನೇ ಪುಟ ಕಂಪ್ಯೂಟರಿನದಲ್ಲ. ಬೇಡವಾದರೆ ಓದಬೇಡಿ.

೨೦೨೩ರಲ್ಲಿ ನಿಮ್ಮ ಕಣ್ಣಿನ ಪರೀಕ್ಷೆಯ ಮುಂಚೆ, ರೈಲ್ವೆ ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ಫೋಟೋ ನೋಡಿ ದೊಡ್ಡದಾಗಿ ಬರೆದುಕೊಟ್ಟವಳು ನಾನೇ. ಯಾಕೆ ಎಂದು ಕೇಳಲಿಲ್ಲ. ನೀವು ಅದನ್ನು ಬಾಯಿಪಾಠ ಮಾಡಿ ಪಾಸಾಗುತ್ತೀರಿ ಎಂದು ಗೊತ್ತಾದದ್ದು, ಒಂದು ಬೆಳಿಗ್ಗೆ ನೀವು ಕಪ್ಪಿನ ಪಕ್ಕಕ್ಕೆ ಚಹಾ ಸುರಿದಾಗ. ಪೂರಾ ಚಹಾ ಟೇಬಲ್ಲಿನ ಮೇಲೆ ಹರಿಯಿತು, ನೀವು ಖಾಲಿ ಕಪ್ಪನ್ನೇ ಎತ್ತಿಕೊಂಡಿರಿ. ಅವತ್ತು ಸಂಜೆ ನಿಮಗೆ ಗಾಡಿ ಇತ್ತು. ನಾನು ಡಾಕ್ಟರರ ಹತ್ತಿರ ಹೋಗಿ, ಪಟ್ಟಿ ಬದಲಿಸಿ ಪರೀಕ್ಷೆ ಮಾಡಿ ಎಂದೆ.

ನಿಮ್ಮ ಜೊತೆಯವರೆಲ್ಲ ಕೊನೆಯ ಗಾಡಿ ತಂದು ನಿಲ್ಲಿಸಿ, ಕೆಳಗಿಳಿದು, ಹೆಂಡತಿ ಮಕ್ಕಳ ಕೈಯಲ್ಲಿ ಹಾರ ಹಾಕಿಸಿಕೊಂಡು ನಿವೃತ್ತರಾದರು. ನಿಮ್ಮನ್ನು ಎಂಜಿನ್ನಿನಿಂದ ಇಳಿಸಿ ಡ್ರೈವರುಗಳು ಹಾಜರಿ ಹಾಕುವ ಲಾಬಿಯ ಕುರ್ಚಿಯಲ್ಲಿ ಕೂರಿಸಿದರು. ಕೊನೆಯ ದಿನ ರಿಜಿಸ್ಟರಿಗೆ ಸಹಿ ಹಾಕಿ ಲೋಕಲ್ ಹಿಡಿದು ಮನೆಗೆ ಬಂದಿರಿ. ಆ ಹಾರ ತಪ್ಪಿಸಿದವಳು ನಾನು, ಅದು ಗೊತ್ತಿದೆ. ಅದಕ್ಕಾಗಿ ಸಂಕಟವಿದೆ, ಆದರೆ ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಹೋದ ದೀಪಾವಳಿಗೆ ನಾನು ಮನೆಗೆ ಬಂದಾಗ ನೀವು ಮೂರು ತಾಸು ಬಾಲ್ಕನಿಯಲ್ಲಿ ನಿಂತಿದ್ದಿರಿ. ಅವತ್ತಿನಿಂದ ನಾನು ಬರುವುದನ್ನು ಬಿಟ್ಟದ್ದು ಸಿಟ್ಟಿಗಲ್ಲ, ನಿಮ್ಮ ಕಾಲು ನೋಯುತ್ತದೆ ಎಂದು.

ಶೈಲಾ


ಟಿಟ್ವಾಳಾ
೨೯ ಜುಲೈ ೨೦೨೫

ಶೈಲಶ್ರೀಗೆ,

ಮಾಲು ಬಂತು. ಒಂದೇ ದಿನ ತರಲಿಲ್ಲ, ನಾಲ್ಕು ಸಲ ಠಾಣೆಗೆ ಹೋಗಿಬಂದೆ. ಮಳೆಗೆ ಲೋಕಲ್ ಎರಡು ಸಲ ಕೈಕೊಟ್ಟಿತು. ಗ್ರಾಫಿಕ್ಸ್ ಕಾರ್ಡಿನ ಡಬ್ಬವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಎದುರಿನವನು ‘ಮಿಕ್ಸರ್ ಕಾ?’ ಎಂದು ಕೇಳಿದ, ಹೌದು ಎಂದೆ.

ಟೇಪ್ ಹಿಡಿದು ಅಳೆದೆ. ಯತಿನ್ ನಗುತ್ತಿದ್ದ, ಆಮೇಲೆ ಅವನೇ ಮೊದಲು ತೋರಿಸಿದ್ದ ಕ್ಯಾಬಿನೆಟ್ಟಿನಲ್ಲಿ ಕಾರ್ಡ್ ಹಿಡಿಸುವುದಿಲ್ಲ ಎಂದು ಗೊತ್ತಾಗಿ ಟೇಪನ್ನು ತಾನೇ ಹಿಡಿದ. ಕರಿ ತಗಡಿನದು ಸಿಕ್ಕಿತು.

ಎರಡನೇ ಪುಟ ಓದಿದೆ. ಮಡಚಿ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದೇನೆ.

ಬಾ. ಶಿ. ಹೊಸಮನಿ


ಟಿಟ್ವಾಳಾ
೩೧ ಆಗಸ್ಟ್ ೨೦೨೫

ಶೈಲಶ್ರೀಗೆ,

ಕಂಪ್ಯೂಟರನ್ನು ಭೀಮುಗೆ ಕೊಟ್ಟುಬಿಡುವುದೆಂದು ಲಕ್ಷ್ಮೀಕಾಂತ ಅವರು ನಿರ್ಧರಿಸಿದ್ದಾರೆ. ಇಷ್ಟು ಸಹಾಯ ಮಾಡಿದವಳು ನೀನು, ತಿಳಿಸಬೇಕಾದದ್ದು ಧರ್ಮ ಎಂದು ಬರೆಯುತ್ತಿದ್ದೇನೆ.

ಜೋಡಣೆಯಲ್ಲಿ ದೋಷವಿಲ್ಲ. ನೀನು ಬರೆದ ಕ್ರಮದಲ್ಲೇ ಆರು ದಿನ ಹಿಡಿದು ಮಾಡಿದ್ದು. ನಿನ್ನ ಅವ್ವ ಬ್ಯಾಟರಿ ಹಿಡಿದು ನಿಂತಿದ್ದಳು. ಬಟನ್ ಒತ್ತಿದೊಡನೆ ಚಾಲೂ ಆಯಿತು. ಒಂದು ಸ್ಕ್ರೂ ಉಳಿದಿದೆ, ಅದು ಎಲ್ಲಿಯದೆಂದು ಗೊತ್ತಾಗಲಿಲ್ಲ. ಯಾವುದನ್ನೂ ಜಬರದಸ್ತಿ ಮಾಡಿಲ್ಲ. ಕಾರ್ಡಿನ ಹಿಂದಿನ ತೂತುಗಳಿಗೆ ಕಂಪನಿಯವರು ಮುಚ್ಚಳ ಹಾಕಿ ಕಳಿಸಿದ್ದಾರೆ, ಅವನ್ನು ಮುಟ್ಟಿಲ್ಲ. ಎಂಜಿನ್ನಿನಲ್ಲಿ ಸೀಲ್ ಮಾಡಿದ್ದನ್ನು ಡ್ರೈವರ್ ಮುಟ್ಟಕೂಡದು. ಸ್ಕ್ರೀನಿನ ಕೇಬಲ್ಲನ್ನು ಮೇಲಿದ್ದ ತೆರೆದ ತೂತಿಗೆ ಸಿಕ್ಕಿಸಿದೆ, ಸರಿಯಾಗಿ ಕೂತಿತು.

ತೊಂದರೆ ನೋಡುವವರ ಕಡೆಯಿಂದ. ಎಲ್ಲ ಮಂಜು ಮಂಜು ಕಾಣುತ್ತದೆ. ಕಂಬಗಳು ಒಂದೊಂದಾಗಿ ಬರುವುದಿಲ್ಲ, ಒಮ್ಮೆಗೇ ನಾಲ್ಕು ಹಾರಿ ಮುಂದೆ ಬಂದು ನಿಲ್ಲುತ್ತವೆ. ಕಲ್ಯಾಣ ಬಿಟ್ಟ ಮೇಲೆ ಎಲ್ಲವೂ ಕಲಸಿದ ಹಿಟ್ಟು. ಗಣಪತಿಯ ದಿನ ಸ್ಕ್ರೀನಿಗೆ ಮೂಗು ಹಚ್ಚಿ ನೋಡಿದ್ದಾಯಿತು, ಹೊಸ ಚಷ್ಮಾ ಮಾಡಿಸಿದ್ದಾಯಿತು. ಕಂಪ್ಯೂಟರ್ ಒಳ್ಳೆಯದೇ ಇರಬೇಕು. ಕಣ್ಣು ಮೊದಲಿಗಿಂತ ಇಳಿದಿದೆ, ಅಷ್ಟೇ. ನಿನ್ನ ಅವ್ವನಿಗೆ ಇದನ್ನು ಹೇಳಬೇಡ.

ನೆಲದ ಮೇಲೆ ಕುಳಿತು ಉಣ್ಣುವುದು ಅವಳ ಮೊಣಕಾಲಿಗೆ ಆಗುವುದಿಲ್ಲ. ಟೇಬಲ್ ಖಾಲಿಯಾದರೆ ಅವಳಿಗೂ ಅನುಕೂಲ. ಭೀಮು ಮುಂದಿನ ವಾರ ಟೆಂಪೋ ತರುತ್ತಾನೆ.

ಬಾ. ಶಿ. ಹೊಸಮನಿ


ಸೀವುಡ್ಸ್
೪ ಸೆಪ್ಟೆಂಬರ್ ೨೦೨೫
ಸ್ಪೀಡ್ ಪೋಸ್ಟ್

ಅಪ್ಪಾ,

ಟೆಂಪೋ ಬೇಡ ಎಂದು ಭೀಮು ಅಣ್ಣನಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಅದು ನಿಮ್ಮ ಕಣ್ಣಲ್ಲ. ಲಕ್ಷ್ಮೀಕಾಂತ ಕಾಕಾ ನಾಸಿಕದಲ್ಲೇ ಇರಲಿ, ನಿಮಗೇ ಹೇಳುತ್ತಿದ್ದೇನೆ. ಆ ಮುಚ್ಚಳಗಳು ಸೀಲ್ ಅಲ್ಲ, ಧೂಳು ಹೋಗದಿರಲೆಂದು ಹಾಕಿದ ಬಿರಡೆ! ಕಿತ್ತು ಎಸೆಯಿರಿ. ಕೇಬಲ್ಲನ್ನು ಮೇಲಿನ ತೂತಿನಿಂದ ತೆಗೆದು ಕೆಳಗೆ, ಕಾರ್ಡಿನ ತೂತಿಗೆ ಸಿಕ್ಕಿಸಿ. ಮೇಲಿನದು ಮದರ್‌ಬೋರ್ಡಿನದು. ಇಷ್ಟು ದಿನ ನಿಮಗೆ ಚಿತ್ರ ಬಿಡಿಸಿ ತೋರಿಸುತ್ತಿದ್ದದ್ದು ಪಾಪ ಆ ಪ್ರೊಸೆಸರ್. ಅದರ ಕೈಲಿ ಅಷ್ಟೇ ಆಗುವುದು. ತೊಡೆಯ ಮೇಲೆ ಇಟ್ಟುಕೊಂಡು ತಂದ ಕಾರ್ಡ್ ಒಳಗೆ ಸುಮ್ಮನೆ ಕೂತಿದೆ.

ತಪ್ಪು ನನ್ನದೂ ಇದೆ. ‘ಕೇಬಲ್ ಹಿಂದೆ ಸಿಕ್ಕಿಸಿ’ ಎಂದು ಬರೆದೆ, ಯಾವ ತೂತಿಗೆ ಎಂದು ಬರೆಯಲಿಲ್ಲ. ನೀವು ಸೀಲಿಗೆ ಹೆದರುವ ಮನುಷ್ಯ ಎಂದು ನನಗೆ ಹೊಳೆಯಬೇಕಿತ್ತು.

ಒಂದು ತಿಂಗಳಿಂದ ಕಣ್ಣು ಹೋಗುತ್ತಿದೆ ಎಂದುಕೊಂಡು ಒಬ್ಬರೇ ಕೂತಿದ್ದಿರಾ? ಅವ್ವನಿಗೂ ಹೇಳದೆ? ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ವರ್ಷದ ಹಿಂದೆ ಕಣ್ಣು ಸರಿ ಇಲ್ಲ ಎಂದವಳು ನಾನೇ, ಈಗ ಕಣ್ಣಲ್ಲ ಎನ್ನುವವಳೂ ನಾನೇ. ಆಗ ನಂಬಲಿಲ್ಲ, ಈಗಲಾದರೂ ನಂಬಿ.

ಶೈಲಾ


ಟಿಟ್ವಾಳಾ
೧೪ ಸೆಪ್ಟೆಂಬರ್ ೨೦೨೫

ಶೈಲಾಳಿಗೆ,

ಬಿರಡೆ ಕಿತ್ತೆ. ಕೇಬಲ್ ಬದಲಿಸಿದೆ.

ನಿನ್ನ ಅವ್ವನನ್ನು ಅಡುಗೆಮನೆಯಿಂದ ಕೂಗಿ ಕರೆದೆ. ಕಾಳು ನದಿಯ ಸೇತುವೆ ಬಂದಾಗ ಕೆಳಗೆ ನೀರು ಹರಿಯುತ್ತಿತ್ತು! ಆ ನೀರಿನಲ್ಲಿ ನನ್ನ ಗಾಡಿಯ ನೆರಳು ಬಿದ್ದಿತ್ತು. ‘ಅಯ್ಯ, ಇದು ನಮ್ಮ ಟಿಟ್ವಾಳಾ ಅಲ್ಲೇನ್ರಿ? ನಮ್ಮ ಬಿಲ್ಡಿಂಗ್ ಎಲ್ಲಿ?’ ಎಂದಳು. ನಮ್ಮ ಬಿಲ್ಡಿಂಗ್ ಇರುವ ಜಾಗದಲ್ಲಿ ಬರೀ ಹುಲ್ಲು. ಅವಳಿಗೆ ಬೇಸರವಾಯಿತು, ನನಗೆ ಆಗಲಿಲ್ಲ. ಕುಳಿತಲ್ಲೇ ಕಸಾರಾದವರೆಗೆ ಹೋದೆ. ಚಹಾ ಆರಿಹೋಯಿತು.

ಆದರೆ ಒಂದು ವಿಷಯ ಬರೆಯಬೇಕು. ಚಿತ್ರ ಈಗ ಕನ್ನಡಿಯಷ್ಟು ಸ್ವಚ್ಛ, ಮಂಜು ಇಲ್ಲ, ಹಾರುವುದಿಲ್ಲ. ಆದರೂ ಮೊದಲ ಹದಿನೈದು ಸಿಗ್ನಲ್‌ನಲ್ಲಿ ಮೂರರ ಬಣ್ಣ ಹತ್ತಿರ ಹೋಗುವವರೆಗೆ ನನಗೆ ತಿಳಿಯಲಿಲ್ಲ. ಇದಕ್ಕೆ ಬೇರೆ ತೂತು ಇಲ್ಲ ಎಂದು ನನಗೆ ಗೊತ್ತು.

ಇಂಥದ್ದಕ್ಕೇ ಎಂಜಿನ್ನಿನಲ್ಲಿ ಎಡಗಡೆ ಅಸಿಸ್ಟೆಂಟ್ ಇರುತ್ತಾನೆ. ಸಿಗ್ನಲ್ ಕಂಡೊಡನೆ ಅವನು ಕೈ ಎತ್ತಿ ಬಣ್ಣ ಕೂಗಬೇಕು. ಡ್ರೈವರ್ ಅದನ್ನು ತಿರುಗಿ ಬಾಯಿಬಿಟ್ಟು ಹೇಳಬೇಕು. ಜಗಳವಾಗಿರಲಿ, ಮುಖ ನೋಡದಿರಲಿ, ಹೇಳಲೇಬೇಕು. ಭೀಮು ಮತ್ತು ನಾನು ಒಮ್ಮೆ ಬುತ್ತಿಯ ವಿಷಯಕ್ಕೆ ಜಗಳವಾಡಿ ಭುಸಾವಳದವರೆಗೆ ಬೇರೆ ಒಂದು ಮಾತೂ ಆಡದೆ ಬರೀ ಬಣ್ಣ ಕೂಗಿಕೊಂಡು ಹೋಗಿದ್ದೆವು. ಈ ನಿಯಮ ನನ್ನ ಮಾತಿಗಿಂತ ಹಳೆಯದು, ಅದನ್ನು ಮುರಿಯುವ ಅಧಿಕಾರ ನನಗಿಲ್ಲ.

ಮೊದಲೆಲ್ಲ ಗಾಡಿಗೆ ಎರಡು ತಾಸು ಮುಂಚೆ ಆಳು ಮನೆಗೆ ಡ್ಯೂಟಿಗೆ ಕರೆಯುವ ಕಾಲ್ ಬುಕ್ ತರುತ್ತಿದ್ದ. ನೀನು ಬಾಗಿಲು ತೆಗೆದು ನನ್ನನ್ನು ಎಬ್ಬಿಸುತ್ತಿದ್ದೆ, ನಾನು ಸಹಿ ಮಾಡುತ್ತಿದ್ದೆ. ಈಗ ಆಳಿಲ್ಲ, ನಾನೇ ಬರೆಯುತ್ತಿದ್ದೇನೆ.

ಕಾಲ್: ೨ ಅಕ್ಟೋಬರ್, ವಿಜಯದಶಮಿ. ಕಲ್ಯಾಣದಿಂದ ಇಗತಪುರಿ, ಸಂಜೆ ಐದಕ್ಕೆ ಹೊರಡುವುದು. ಹಿಂದಿನ ದಿನ ಖಂಡೇ ನವಮಿಗೆ ಪೂಜೆ ಆಗಿರುತ್ತದೆ. ಡ್ರೈವರ್ ಬಾಳಪ್ಪ, ಕೊನೆಯ ಗಾಡಿ. ಅಸಿಸ್ಟೆಂಟ್ ಶೈಲಶ್ರೀ. ಒಪ್ಪಿಗೆ ಇದ್ದರೆ ಸಹಿ ಮಾಡಿ ಕಳಿಸುವುದು.

ಬಾಳಪ್ಪ


ಸೀವುಡ್ಸ್
೧೯ ಸೆಪ್ಟೆಂಬರ್ ೨೦೨೫

ಅಪ್ಪಾ,

ಕಾಲ್ ಸಿಕ್ಕಿತು. ಸಹಿ ಕೆಳಗಿದೆ. ಅವತ್ತು ನನಗೆ ರಜೆ. ಪನವೇಲಿನ ಕಡೆಯಿಂದ ಬರುವ ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಿಸಿ, ಮೂರು ಗಂಟೆಗೇ ಬಂದಿರುತ್ತೇನೆ. ನೀವು ಬಾಲ್ಕನಿಯಲ್ಲಿ ನಿಂತರೂ ಅಡ್ಡಿಯಿಲ್ಲ, ಐದಕ್ಕೆ ಒಳಗೆ ಬಂದರೆ ಸಾಕು.

ಬಣ್ಣ ಯಾವ ಭಾಷೆಯಲ್ಲಿ ಕೂಗಬೇಕು? ಕನ್ನಡದಲ್ಲೇ ಕೂಗುತ್ತೇನೆ. ಮಿಕ್ಕಿದ ಸ್ಕ್ರೂ ತೆಗೆದಿಡಿ, ಅದು ಎಲ್ಲಿಯದು ನೋಡುತ್ತೇನೆ.

ಶೈಲಶ್ರೀ ಬಾ. ಹೊಸಮನಿ
ಅಸಿಸ್ಟೆಂಟ್


ಟಿಟ್ವಾಳಾ
೩ ಅಕ್ಟೋಬರ್ ೨೦೨೫

ಚಿ. ಶೈಲಾಗೆ,

ಇದನ್ನು ಬಾಯಲ್ಲೇ ಹೇಳಬಹುದಿತ್ತು, ಈಗ ಅದಕ್ಕೆ ಅಡ್ಡಿಯಿಲ್ಲ. ಆದರೆ ಕೆಂಪು ಸಿಗ್ನಲ್ ದಾಟಿದ ಡ್ರೈವರ್ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಮೂವತ್ತನಾಲ್ಕು ವರ್ಷದಲ್ಲಿ ನನಗೆ ಈ ಕಾಗದ ಬರೆಯುವ ಪ್ರಸಂಗ ಬಂದಿರಲಿಲ್ಲ.

ನಿನ್ನೆ ಸಂಜೆ ಸರಿಯಾಗಿ ಐದಕ್ಕೆ ಗಾಡಿ ಕಲ್ಯಾಣ ಬಿಟ್ಟಿತು. ಡ್ರೈವರ್ ಬಾಳಪ್ಪ, ಅಸಿಸ್ಟೆಂಟ್ ಶೈಲಶ್ರೀ, ಗಾರ್ಡ್ ಸುಶೀಲಾಬಾಯಿ, ಅಂದರೆ ನಿನ್ನ ಅವ್ವ. ಗಾರ್ಡ್ ಬಾವುಟವಿಲ್ಲದ್ದಕ್ಕೆ ಹಸಿರು ಕುಪ್ಪಸದ ಖಣ ಬೀಸಿದಳು. ಕ್ಯಾಬಿನೆಟ್ಟಿನ ಮೇಲೆ ನವಮಿಯ ಕುಂಕುಮ ಇತ್ತು. ಮೊದಲ ಸಿಗ್ನಲ್ ಬಂತು. ಅಸಿಸ್ಟೆಂಟ್ ಕೈ ಎತ್ತಿ ‘ಹಳದಿ’ ಎಂದಳು. ಡ್ರೈವರ್ ‘ಹಳದಿ’ ಎಂದ.

ಅಷ್ಟಕ್ಕೇ ಹಾಗೆ ಅಳುವುದೇನೇ ಹುಚ್ಚಿ? ಒಂದು ಬಣ್ಣದ ಹೆಸರು ಹೇಳಿದೆ, ಅಷ್ಟೇ. ನೀನು ಓಢಣಿ ಬಾಯಿಗೆ ಹಿಡಿದುಕೊಂಡು ಕುಳಿತೆ. ಹಳದಿಯ ಮುಂದೆ ಕೆಂಪು ಇರುತ್ತದೆ ಎಂಬುದು ಸಣ್ಣ ಮಗುವಿಗೂ ಗೊತ್ತು. ಯಾರೂ ಕೂಗಲಿಲ್ಲ. ಶಹಾಡದ ಹೊರಗೆ ಗಾಡಿ ಕೆಂಪನ್ನು ದಾಟಿತು, ಆಟ ನಿಂತುಹೋಯಿತು. ನಿನ್ನ ಅವ್ವ ಹಾರ ಹಿಡಿದುಕೊಂಡು ‘ಇಗತಪುರಿಗಂತ ತಂದೀನ್ರಿ, ಶಹಾಡಕ್ಕ ಹೆಂಗ ಹಾಕ್ಲಿ?’ ಎಂದು ಕೇಳಿದ ಮೇಲೆ ಮೂವರೂ ನಕ್ಕೆವು. ಅಷ್ಟು ನಕ್ಕು ಎಷ್ಟೋ ವರ್ಷವಾಗಿತ್ತು.

ನೀನು ಹೋದ ಮೇಲೆ ಈ ಕಾಗದದಲ್ಲಿ ‘ಕಾರಣ’ ಎಂಬಲ್ಲಿ, ಅಸಿಸ್ಟೆಂಟ್ ಅಳುತ್ತಿದ್ದುದರಿಂದ ಸಿಗ್ನಲ್ ಕೂಗಲಿಲ್ಲ ಎಂದು ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿದೆ, ಅದು ಸುಳ್ಳು. ಡ್ರೈವರ್ ಮುಂದೆಯೇ ನೋಡುತ್ತಿದ್ದ. ಕಂಬ ಕಂಡಿತು, ದೀಪ ಕಾಣಲಿಲ್ಲ. ಎರಡು ವರ್ಷದ ಹಿಂದೆಯೂ ಕಾಣುತ್ತಿರಲಿಲ್ಲ. ಆಗ ನನ್ನ ಹಿಂದೆ ಇಪ್ಪತ್ತೆರಡು ಡಬ್ಬಿ ತುಂಬ ಜನ ಇರುತ್ತಿದ್ದರು. ನೀನು ಡಾಕ್ಟರರಿಗೆ ಹೇಳಿದ್ದು ಸರಿ. ನಾನು ನಿನಗೆ ಮಾಡಿದ್ದು ತಪ್ಪು.

ಹಾರ ಫ್ರಿಜ್ಜಿನಲ್ಲಿದೆ. ಒದ್ದೆ ಬಟ್ಟೆ ಸುತ್ತಿಟ್ಟರೆ ಭಾನುವಾರದವರೆಗೆ ಬಾಡುವುದಿಲ್ಲ ಎಂದು ನಿನ್ನ ಅವ್ವ ಹೇಳುತ್ತಾಳೆ. ಈ ಪತ್ರ ನಿನಗೆ ತಲುಪುವಾಗ ಸೋಮವಾರ ಆಗಿರುತ್ತದೆ. ಆದ್ದರಿಂದ ಭಾನುವಾರ ಬಾ ಎಂದು ಹೇಳಲು ಇವತ್ತೇ ಫೋನ್ ಮಾಡುತ್ತೇನೆ. ಅವ್ವನ ಕೈಲಿ ಮಾಡಿಸುವುದಿಲ್ಲ, ನಾನೇ ಮಾಡುತ್ತೇನೆ.

ಅಪ್ಪ